ಕಡ್ಡಿಯಿಂದ ಮುಳ್ಳಿನವರೆಗೆ

ಪೆಟ್ರೋಲು ರಸ್ತೆಬದಿಯ ಪಂಪುಗಳಿಂದ ಹರಿಯತೊಡಗುವುದಕ್ಕೆ ಮುಂಚೆ, ಮೊಹರು ಹಾಕಿದ ಎರಡು ಗ್ಯಾಲನ್ನಿನ ತಗಡಿನ ಡಬ್ಬಿಗಳಲ್ಲಿ ಪೇಟೆಯ ಅಂಗಡಿಗಳಿಗೆ ಬಂದು ಮಾರಾಟವಾಗುತ್ತಿದ್ದ ಕಾಲದಲ್ಲಿ, ಮೋಟಾರು ಗಾಡಿಯೊಳಗೆ ಇನ್ನೆಷ್ಟು ಇಂಧನ ಉಳಿದಿದೆಯೆಂಬುದನ್ನು ಅರಿಯುವುದಕ್ಕೆ ಒಂದು ಕಡ್ಡಿಯ ಹೊರತು ಬೇರೆ ಸಾಧನ ಹೆಚ್ಚಿನವರ ಬಳಿ ಇರಲಿಲ್ಲ. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾಗಿ ಭೂಮಂಡಲದ ಮೂಲೆಮೂಲೆಗೂ ಹಬ್ಬಿದ ಫೋರ್ಡ್ ಕಂಪೆನಿಯ ‘ಟಿ’ ಮಾದರಿಯ ಬಹುಪಾಲು ಗಾಡಿಗಳಲ್ಲಿ ಪೆಟ್ರೋಲಿನ ಟ್ಯಾಂಕು ಮುಂದಿನ ಪೀಠದ ಕೆಳಗೆ ಅಡಗಿರುತ್ತಿದ್ದಿತು; ಹಾಕಬೇಕಾದರೂ ಅಳೆಯಬೇಕಾದರೂ ಕುಳಿತವರು ಎದ್ದು, ಮೆತ್ತೆಯನ್ನು ಎತ್ತಿ, ಮುಚ್ಚಳವನ್ನು ತಿರುಗಿಸಿ ತೆಗೆದು, ಗೀಟು ಕೊರೆದ ಮರದ ಪಟ್ಟಿಯೊಂದನ್ನು ತಳ ಮುಟ್ಟುವಂತೆ ನೆಟ್ಟಗೆ ಇಳಿಬಿಟ್ಟು, ಮೇಲೆತ್ತಿ, ಒದ್ದೆಯ ಗುರುತು ಆರಿಹೋಗುವುದಕ್ಕೆ ಮೊದಲೇ ಕಣ್ಣಿಟ್ಟು ನೋಡಬೇಕಾಗಿತ್ತು. ಗಾಡಿ ಸಮನೆಲದ ಮೇಲೆ ನಿಂತಿರಬೇಕು, ಪಟ್ಟಿ ಓರೆಯಾಗಬಾರದು, ಹತ್ತಿರದಲ್ಲಿ ಯಾರೂ ಬೀಡಿ ಹಚ್ಚಿರಬಾರದು. ಈ ಮೂರು ನಿಯಮಗಳನ್ನು ಪಾಲಿಸಿದವನಿಗೆ ಕಡ್ಡಿಯು ಎಂದೂ ಸುಳ್ಳು ಹೇಳುತ್ತಿರಲಿಲ್ಲ.

ನಮ್ಮ ನೈಯಾಯಿಕರು ಜ್ಞಾನಕ್ಕೆ ಸಾಧನಗಳನ್ನು ಎಣಿಸುವಾಗ ಪ್ರತ್ಯಕ್ಷವನ್ನು ಮೊದಲಿಗೂ ಅನುಮಾನವನ್ನು ಅದರ ಅನಂತರಕ್ಕೂ ಇಟ್ಟಿದ್ದಾರೆ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ತಿಳಿಯುವುದು ಅನುಮಾನ. ಹತ್ತಿಹೋಗಿ ಬೆಂಕಿಯನ್ನೇ ಕಾಣುವುದು ಪ್ರತ್ಯಕ್ಷ. ಪೆಟ್ರೋಲು ಮೀಟರಿನ ಪೂರ್ವವೃತ್ತವೆಲ್ಲವೂ ಪ್ರತ್ಯಕ್ಷದಿಂದ ಅನುಮಾನಕ್ಕೆ ಹಂತಹಂತವಾಗಿ ನಡೆದುಬಂದ ಪ್ರಯಾಣವೆಂದೂ, ಹಳೆಯ ಗಾಡಿಯ ಕೆಟ್ಟ ಮೀಟರನ್ನು ಸರಿಪಡಿಸುವ ವಿದ್ಯೆಯೆಂದರೆ ಅದೇ ದಾರಿಯಲ್ಲಿ ಹಿಂದಿರುಗಿ ನಡೆದು ಅನುಮಾನವು ಎಲ್ಲಿ ತಪ್ಪಿತೆಂಬುದನ್ನು ಶೋಧಿಸುವುದೆಂದೂ ನನಗೆ ದೃಢವಾಗಿ ತೋರಿದೆ. ನಮ್ಮ ಊರುಗಳ ಆಟೋ ಎಲೆಕ್ಟ್ರಿಷಿಯನ್ನರು ತರ್ಕಶಾಸ್ತ್ರವನ್ನು ಓದಿದವರಲ್ಲ. ಆದರೂ ಅವರ ಕೈಗಳಲ್ಲಿ ನಾನು ಕಂಡ ವಿಚಾರಸರಣಿಯು ಆ ಶಾಸ್ತ್ರವನ್ನು ಬಲ್ಲವರೂ ಮೆಚ್ಚಿ ತಲೆದೂಗತಕ್ಕದ್ದು. ಆ ಕಸುಬಿನ ಚರಿತ್ರೆಯನ್ನು ಯಾರಾದರೂ ಬರೆದಿಡಬೇಕೆಂಬ ಹಂಬಲವೇ ಈ ಲೇಖನಕ್ಕೆ ಕಾರಣ.

ಕಡ್ಡಿಯ ಕಾಲ ಮುಗಿದುದಕ್ಕೆ ಮುಖ್ಯ ಹೇತು ಟ್ಯಾಂಕು ಸ್ಥಳವನ್ನು ಬದಲಿಸಿದುದು. ‘ಟಿ’ ಮಾದರಿಯಲ್ಲಿ ಪೆಟ್ರೋಲು ಬರಿಯ ತನ್ನ ಭಾರದಿಂದಲೇ ಕಾರ್ಬ್ಯುರೇಟರಿಗೆ ಇಳಿದು ಬರುತ್ತಿದ್ದಿತಷ್ಟೆ. ಟ್ಯಾಂಕಿನಲ್ಲಿ ಸ್ವಲ್ಪವೇ ಉಳಿದಿರುವಾಗ ಕಡಿದಾದ ಏರನ್ನು ಹತ್ತಲು ಹೊರಟರೆ ಎಂಜಿನ್ನು ಟ್ಯಾಂಕಿಗಿಂತ ಎತ್ತರಕ್ಕೆ ಹೋಗಿ ಹರಿವು ನಿಂತುಬಿಡುತ್ತಿದ್ದುದರಿಂದ, ಗಾಡಿಯನ್ನು ಹಿಂದುಮುಂದಾಗಿ ತಿರುಗಿಸಿ ರಿವರ್ಸಿನಲ್ಲಿಯೇ ಗುಡ್ಡವೇರಿಸುವ ಪದ್ಧತಿ ಲೋಕಪ್ರಸಿದ್ಧವಾಗಿತ್ತು. ಇದಲ್ಲದೆ ಕುಳಿತವರ ಕೆಳಗೆ ಪೆಟ್ರೋಲನ್ನಿಟ್ಟುಕೊಂಡು ಓಡಾಡುವುದು ಯಾರಿಗೂ ನೆಮ್ಮದಿಯ ವಿಷಯವಾಗಿರಲಿಲ್ಲ. ಎಂಜಿನ್ನಿನ ಹೀರುವ ಬಲದಿಂದಲೇ ಇಂಧನವನ್ನು ಮುಂದಕ್ಕೆ ಸೆಳೆದು ತರುವ ನಿರ್ವಾತ ಟ್ಯಾಂಕೂ, ಅದರ ತರುವಾಯ ಚರ್ಮಪಟಲದ ಯಾಂತ್ರಿಕ ಪಂಪೂ ಬಳಕೆಗೆ ಬಂದ ಮೇಲೆ ದೊಡ್ಡ ಟ್ಯಾಂಕನ್ನು ಗಾಡಿಯ ಹಿಂಬದಿಗೆ ಒಯ್ದು ಜೋಡಿಸುವುದು ಸಾಧ್ಯವಾಯಿತು. ಅಂದಿನಿಂದ ಚಾಲಕನಿಗೂ ಅವನ ಇಂಧನಕ್ಕೂ ನಡುವೆ ಹತ್ತು ಅಡಿಗಳ ಅಂತರ ಬಿದ್ದಿತು. ಫೋರ್ಡಿನವರು 1927ರ ಕೊನೆಯಲ್ಲಿ ಹೊರತಂದ ‘ಎ’ ಮಾದರಿಯಲ್ಲಿ ಮಾತ್ರ ಟ್ಯಾಂಕನ್ನು ಚಾಲಕನ ಎದುರಿನ ಫಲಕದ ಹಿಂದೆಯೇ ನಿಲ್ಲಿಸಿ, ತೇಲುಬೆಂಡೊಂದು ನೇರವಾಗಿ ಅಂಕಿಗಳ ಚಕ್ರವನ್ನು ತಿರುಗಿಸುವಂತೆ ಮಾಡಿ, ಈ ಅಂತರವನ್ನು ಕೆಲಕಾಲ ತಪ್ಪಿಸಿಕೊಂಡರು; ಅದು ಬೆಂಡನ್ನೇ ಕಣ್ಣಾರೆ ನೋಡಿದಂತೆ.

ಹಿಂಬದಿಗೆ ಹೋದ ಟ್ಯಾಂಕಿನ ಸಮಾಚಾರವನ್ನು ಮುಂಬದಿಗೆ ತಂದ ಮೊದಲಿನ ಉಪಾಯಗಳಲ್ಲಿ ವಿದ್ಯುತ್ತಿನ ಸಂಪರ್ಕವೇ ಇಲ್ಲದ ಒಂದು ಸುಂದರ ಯಂತ್ರವಿತ್ತು. ಟ್ಯಾಂಕಿನ ತಳದವರೆಗೆ ಇಳಿದ ಸಣ್ಣ ಕೊಳವೆಯೊಳಗೆ ಗಾಳಿಯನ್ನು ಸೆರೆಹಿಡಿದು, ಮೇಲಿನ ಪೆಟ್ರೋಲಿನ ಆಳವು ಆ ಗಾಳಿಯನ್ನು ಎಷ್ಟು ಒತ್ತುವುದೋ ಅಷ್ಟು ಒತ್ತಡವನ್ನು ಕೂದಲಿನಂತಹ ತಾಮ್ರದ ನಳಿಗೆಯ ಮೂಲಕ ಮುಂದಿನ ಫಲಕಕ್ಕೆ ಒಯ್ದು, ಅಲ್ಲಿ ಗಾಜಿನ ನಾಳದೊಳಗಿನ ಭಾರವಾದ ಕೆಂಪು ದ್ರವವನ್ನು ಮೇಲಕ್ಕೆ ತಳ್ಳುವಂತೆ ಮಾಡಿದುದು ಅದರ ರಹಸ್ಯ. ಅಮೆರಿಕೆಯ ಕಿಂಗ್-ಸೀಲಿ ಕಂಪೆನಿಯವರು ತಯಾರಿಸಿದ ಈ ಮಾಪಕ 1930ರ ಆಚೀಚಿನ ಅನೇಕ ಗಾಡಿಗಳಲ್ಲಿ ಇದ್ದಿತು. ನಳಿಗೆಯ ಕೀಲಿನಲ್ಲಿ ಸೂಜಿಮೊನೆಯಷ್ಟು ಸಂದಿಯಾದರೂ ಗಾಳಿ ಸೋರಿ ಕೆಂಪು ಗೆರೆ ಕುಸಿಯುತ್ತಿದ್ದಿತು. ಟ್ಯಾಂಕು ತುಂಬಿದ್ದರೂ ಬರಿದೆಂಬ ಸೂಚನೆ ಬರುತ್ತಿದ್ದಿತು. ಹೊಗೆ ಬೆಂಕಿಯನ್ನು ಬಿಟ್ಟು ಬೇರೆಯಾಗಿ ನಿಲ್ಲಬಹುದೆಂಬುದು ಚಾಲಕಲೋಕಕ್ಕೆ ಗೊತ್ತಾದುದು ಇಂತಹ ಅನುಭವಗಳಿಂದಲೇ.

ಕೊನೆಗೆ ಉಳಿದು ನಿಂತದ್ದು ವಿದ್ಯುತ್ತಿನ ಮಾಪಕ. ಟ್ಯಾಂಕಿನೊಳಗೆ ತೋಳಿನ ತುದಿಯಲ್ಲಿ ಒಂದು ತೇಲುಬೆಂಡು. ತೋಳಿನ ಬುಡದಲ್ಲಿ, ಅವಾಹಕವಾದ ಹಲಗೆಯೊಂದರ ಮೇಲೆ ಒತ್ತಾಗಿ ಸುತ್ತಿದ ಸಣ್ಣ ನಿರೋಧಕ ತಂತಿ. ಆ ತಂತಿಯ ಮೇಲೆ ಜಾರುವ ಒಂದು ಲೋಹದ ನಾಲಗೆ. ಬೆಂಡು ಏರಿದಂತೆ ಇಳಿದಂತೆ ನಾಲಗೆ ಜಾರಿ, ವಿದ್ಯುತ್ ಹಾಯಬೇಕಾದ ತಂತಿಯ ಉದ್ದ ಹೆಚ್ಚುಕಡಿಮೆಯಾಗಿ, ಪ್ರತಿರೋಧ ಬದಲಾಗುವುದು. ಒಂದೇ ಒಂದು ತಂತಿಯ ಮೂಲಕ ಆ ಬದಲಾವಣೆ ಮುಂದಿನ ಮೀಟರಿಗೆ ತಲಪುವುದು. ಮರಳುವ ದಾರಿ ಗಾಡಿಯ ಉಕ್ಕಿನ ಮೈಯೇ. ನಮ್ಮ ಕಸುಬುದಾರರು ಟ್ಯಾಂಕಿನೊಳಗಿನ ಈ ಭಾಗವನ್ನು ಟ್ಯಾಂಕ್ ಯೂನಿಟ್ ಎಂದೂ, ಮೈಯ ಮೂಲಕ ಮರಳುವ ದಾರಿಯನ್ನು ಅರ್ತ್ ಎಂದೂ, ಮುಂದಿನ ಸೂಚಿಯನ್ನು ಮುಳ್ಳು ಎಂದೂ ಕರೆಯುತ್ತಾರೆ. ನಾನೂ ಆ ಮಾತುಗಳನ್ನೇ ಬಳಸುತ್ತೇನೆ.

ಮೀಟರಿನೊಳಗಿನ ಏರ್ಪಾಡಿನಲ್ಲಿ ಎರಡು ಜಾತಿಗಳುಂಟು. ಮೊದಲನೆಯದರಲ್ಲಿ ಎರಡು ಕಾಯಿಲುಗಳು ಪರಸ್ಪರ ಕೋನವಾಗಿ ನಿಂತು, ಒಂದು ಮುಳ್ಳನ್ನು ತನ್ನೆಡೆಗೂ ಇನ್ನೊಂದು ತನ್ನೆಡೆಗೂ ಸೆಳೆಯುತ್ತಿರುತ್ತವೆ. ಟ್ಯಾಂಕ್ ಯೂನಿಟ್ಟಿನ ಪ್ರತಿರೋಧವು ಆ ಸೆಳೆತಗಳ ತೂಕವನ್ನು ನಿರ್ಣಯಿಸುವುದು. ಎರಡನೆಯದರಲ್ಲಿ, ಉಷ್ಣದಿಂದ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿಯ ಸುತ್ತ ತಂತಿ ಸುತ್ತಿರುವುದು; ವಿದ್ಯುತ್ ಹಾಯ್ದು ತಂತಿ ಬಿಸಿಯಾದಷ್ಟೂ ಪಟ್ಟಿ ಬಾಗಿ ಮುಳ್ಳನ್ನು ನಿಧಾನವಾಗಿ ತಳ್ಳುವುದು. ಕಾಯಿಲಿನ ಮುಳ್ಳು ಕೀಲಿಕೈ ತಿರುಗಿಸಿದೊಡನೆ ನೆಗೆದು ನಿಲ್ಲುವುದಲ್ಲದೆ ಒರಟು ರಸ್ತೆಯಲ್ಲಿ ಪೆಟ್ರೋಲಿನ ಅಲೆಗಳೊಡನೆ ಕುಣಿಯುವುದು. ಪಟ್ಟಿಯ ಮುಳ್ಳು ಅರೆನಿಮಿಷದಷ್ಟು ಹೊತ್ತು ತೆವಳುತ್ತ ಏರಿ, ಒಮ್ಮೆ ನಿಂತರೆ ಕದಲದು. ರೋಗಪರೀಕ್ಷೆಯಲ್ಲಿ ಈ ಜಾತಿಭೇದಕ್ಕೆ ಎಷ್ಟು ಮಹತ್ವವೆಂಬುದನ್ನು ಮುಂದೆ ಹೇಳುವೆನು.

ಈಗ ನಮ್ಮ ಸೀಮೆಗೆ ಬರೋಣ. ಮೈಸೂರು ಸಂಸ್ಥಾನದಲ್ಲಿಯೂ ಕೆನರಾ ಜಿಲ್ಲೆಗಳಲ್ಲಿಯೂ ಮೋಟಾರು ಸಂಚಾರವು ಬೇರೂರಿದುದು ಖಾಸಗಿ ಬಸ್ಸುಗಳಿಂದ. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ 1914ರಷ್ಟು ಹಿಂದೆಯೇ ಹುಟ್ಟಿದುದು. ಚಾರ್ಮಾಡಿ, ಆಗುಂಬೆ, ಶಿರಾಡಿಯಂತಹ ಘಟ್ಟಗಳನ್ನು ಹತ್ತಿಳಿಯುವ ದಾರಿಗಳಲ್ಲಿ ಹತ್ತಾರು ಮೈಲಿಗಳವರೆಗೆ ಕಾಡಿನ ಹೊರತು ಬೇರೇನೂ ಇರಲಿಲ್ಲವಾದುದರಿಂದ, ನಡುದಾರಿಯಲ್ಲಿ ಇಂಧನ ತೀರಿದರೆ ಆ ರಾತ್ರಿ ಅಲ್ಲಿಯೇ. ಇಂತಹ ರಸ್ತೆಗಳಲ್ಲಿ ಪಳಗಿದ ಚಾಲಕರು ಮೀಟರಿದ್ದರೂ ಅದನ್ನು ನೆಚ್ಚುತ್ತಿರಲಿಲ್ಲ. ಗ್ಯಾಲನ್ನಿಗೆ ಏರಿನಲ್ಲಿ ಎಷ್ಟು ಮೈಲಿ, ಬಯಲಿನಲ್ಲಿ ಎಷ್ಟು ಮೈಲಿ ಎಂಬ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು, ಘಟ್ಟದ ಬುಡದಲ್ಲೊಮ್ಮೆ ತಲೆಯ ಮೇಲೊಮ್ಮೆ ಕಡ್ಡಿಯಿಳಿಸಿ ನೋಡುತ್ತಿದ್ದರು. ಅವರ ಅಪನಂಬಿಕೆಗೆ ಗಟ್ಟಿಯಾದ ಕಾರಣವಿದ್ದಿತು. ಗಾಡಿ ಏರುಮುಖವಾದಾಗ ಟ್ಯಾಂಕಿನೊಳಗಿನ ಪೆಟ್ರೋಲು ಹಿಂದಕ್ಕೆ ಸರಿಯುವುದು, ಇಳಿಮುಖವಾದಾಗ ಮುಂದಕ್ಕೆ. ಬೆಂಡು ನಿಂತ ಜಾಗದಲ್ಲಿ ಎಷ್ಟು ಆಳವುಂಟೋ ಅಷ್ಟನ್ನೇ ಮುಳ್ಳು ಹೇಳಬಲ್ಲುದಾದುದರಿಂದ, ಘಟ್ಟದ ತಿರುವುಗಳಲ್ಲಿ ಅದರ ಮಾತು ಪ್ರತಿ ಫರ್ಲಾಂಗಿಗೂ ಬದಲಾಗುವುದು. ಬಸ್ಸು ಲಾರಿಗಳ ಟ್ಯಾಂಕು ಪಕ್ಕದಲ್ಲಿ ತೂಗಾಡುವಂತಿದ್ದು ಕಡ್ಡಿಗೆ ಸುಲಭವಾಗಿ ಎಟಕುತ್ತಿದ್ದುದರಿಂದ ಆ ಪದ್ಧತಿ ನಮ್ಮಲ್ಲಿ ಬಹುಕಾಲ ಅಳಿಯಲಿಲ್ಲ. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಗಿ ಸಂಚಾರಕ್ಕೆ ಹೊಸ ಶಿಸ್ತು ಬಂದ ಮೇಲೆಯೂ ಡಿಪೋಗಳಲ್ಲಿ ಕಡ್ಡಿಗೆ ಕೆಲಸ ತಪ್ಪಲಿಲ್ಲ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲಿಗೆ ಪಡಿತರ ಬಂದು, ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿಕೊಂಡು ಓಡಿದಾಗ, ಪೆಟ್ರೋಲು ಮೀಟರು ಕೆಲಸವಿಲ್ಲದೆ ಕುಳಿತಿತು. ಬರಿದಾದ ಟ್ಯಾಂಕಿನ ಒಳಮೈಯಲ್ಲಿ ಗಾಳಿಯ ತೇವ ಸೇರಿ ತುಕ್ಕು ಹಿಡಿಯಿತು. ಟ್ಯಾಂಕು ತುಂಬಿದ್ದರೆ ತುಕ್ಕಿಗೆ ಎಡೆಯಿಲ್ಲ, ಬರಿದಾಗಿಟ್ಟರೆ ಉಂಟು: ಮೀಟರಿನ ರೋಗಗಳಲ್ಲಿ ಅರ್ಧದಷ್ಟಕ್ಕೆ ಮೂಲ ಇದೇ. ಯುದ್ಧ ಮುಗಿದ ಬಳಿಕ ಸೈನ್ಯವು ವಿಲೇವಾರಿ ಮಾಡಿದ ವಿಲ್ಲಿಸ್ ಜೀಪುಗಳು ನಾಡಿನೊಳಗೆ ಹರಡಿದುವು. ಅವುಗಳಲ್ಲಿ ಟ್ಯಾಂಕು ಮತ್ತೆ ಚಾಲಕನ ಪೀಠದ ಕೆಳಗೇ ಇದ್ದಿತು. ಮೀಟರು ಕೆಟ್ಟರೆ ಮೆತ್ತೆಯೆತ್ತಿ ಕಡ್ಡಿ ಇಳಿಸಿದರಾಯಿತು. ಫೋರ್ಡಿನ ಕಾಲದ ಪದ್ಧತಿ ನಲವತ್ತು ವರ್ಷಗಳ ಅನಂತರ ಹೊಸ ಗಾಡಿಯಲ್ಲಿ ಮರಳಿ ಬಂದುದು ಹೀಗೆ.

ಮುಂದೆ ನಮ್ಮಲ್ಲಿ ಗಾಡಿಗಳು ದೀರ್ಘಾಯುಗಳಾದುದಕ್ಕೆ ರಾಜ್ಯನೀತಿ ಕಾರಣ. 1928ರಿಂದ ಮುಂಬಯಿಯಲ್ಲಿ ಬಿಡಿಭಾಗಗಳನ್ನು ತರಿಸಿ ಗಾಡಿ ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಮೊದಲಾದ ವಿದೇಶೀ ಕಂಪೆನಿಗಳು, ದೇಶದಲ್ಲಿಯೇ ತಯಾರಿಸುವ ಯೋಜನೆಯುಳ್ಳವರಿಗೆ ಮಾತ್ರ ಅವಕಾಶವೆಂಬ ನಿಯಮ 1953ರಲ್ಲಿ ಬಂದ ಮೇಲೆ ಬಾಗಿಲು ಮುಚ್ಚಿದುವು. ಆಮದು ದುರ್ಲಭವಾಯಿತು, ಇದ್ದ ಗಾಡಿಯನ್ನು ಉಳಿಸಿಕೊಳ್ಳುವುದೇ ಉಪಾಯವಾಯಿತು. ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಮಾದರಿಯನ್ನು ಆಧರಿಸಿ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ ತಯಾರಾಗತೊಡಗಿದ ಅಂಬಾಸಿಡರು 2014ರವರೆಗೂ ಹೊರಬರುತ್ತಲೇ ಇದ್ದಿತಾಗಿ, ಒಂದೇ ಗಾಡಿಯ ಮೇಲೆ ತಂದೆ ಮಗ ಮೊಮ್ಮಗ ಮೂವರೂ ಕೆಲಸ ಕಲಿತ ಕುಟುಂಬಗಳು ನಮ್ಮ ಗ್ಯಾರೇಜುಗಳಲ್ಲಿ ಹುಟ್ಟಿಕೊಂಡುವು. ಬೆಂಗಳೂರಿನ ಜೆ. ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಸಾಲು, ಕಲಾಸಿಪಾಳ್ಯದ ಗಲ್ಲಿಗಳು, ಶಿವಾಜಿನಗರದ ಗುಜರಿ, ಇವೆಲ್ಲವೂ ಈ ದೀರ್ಘಾಯುಷ್ಯದ ಆಶ್ರಯದಲ್ಲಿ ಬೆಳೆದುವು. ಎಂಜಿನ್ನಿನ ಮೇಸ್ತ್ರಿಯಿಂದ ಬೇರೆಯಾಗಿ ಡೈನಮೊ, ಸೆಲ್ಫು, ಬ್ಯಾಟರಿ, ಹಾರನ್ನು, ಮೀಟರುಗಳನ್ನಷ್ಟೇ ನೋಡಿಕೊಳ್ಳುವ ಆಟೋ ಎಲೆಕ್ಟ್ರಿಷಿಯನ್ ಎಂಬ ಕಸುಬುದಾರನು ತಲೆಯೆತ್ತಿದುದೂ ಇದೇ ಕಾಲದಲ್ಲಿ. ಎರಡಾಳು ಹಿಡಿಯುವ ಅಂಗಡಿ, ಕಾಯಿಲು ಸುತ್ತುವ ಒಂದು ಕೈಯಂತ್ರ, ಬೆಸುಗೆಯ ಕಡ್ಡಿ, ಬಲ್ಬಿಗೆ ಎರಡು ತಂತಿ ಜೋಡಿಸಿದ ಟೆಸ್ಟ್ ಲ್ಯಾಂಪು: ಆಯುಧಶಾಲೆ ಇಷ್ಟೇ.

ಅಂತಹವನ ಬಳಿಗೆ ‘ಪೆಟ್ರೋಲ್ ಮುಳ್ಳು ಏಳ್ತಾ ಇಲ್ಲ’ ಎಂದು ಗಾಡಿಯನ್ನು ತಂದರೆ, ಬಲ್ಲವನಾದವನು ಮೊದಲಿಗೆ ಮೀಟರನ್ನೂ ಮುಟ್ಟುವುದಿಲ್ಲ, ಟ್ಯಾಂಕನ್ನೂ ಬಿಚ್ಚುವುದಿಲ್ಲ. ಸಿಗ್ನಲ್ ದೀಪ ಹಾಕಿಸುವನು, ಬ್ರೇಕನ್ನು ಒತ್ತಿಸಿ ಹಿಂದಿನ ದೀಪವನ್ನು ನೋಡುವನು, ವೈಪರನ್ನು ಆಡಿಸುವನು. ಬ್ರಿಟಿಷ್ ಲೂಕಾಸ್ ಸಂಪ್ರದಾಯದ ಗಾಡಿಗಳಲ್ಲಿ ಕೀಲಿಕೈಯ ಹಿಡಿತದಲ್ಲಿರುವ ಈ ಉಪಕರಣಗಳೆಲ್ಲಕ್ಕೂ ಒಂದೇ ಫ್ಯೂಜಿನಿಂದ ಹಸಿರು ತಂತಿಗಳ ಮೂಲಕ ವಿದ್ಯುತ್ ಹಂಚಿಕೆಯಾಗುವುದರಿಂದ, ಅವು ಎಲ್ಲವೂ ಮಲಗಿದ್ದರೆ ದೋಷ ಫ್ಯೂಜಿನದೇ ಹೊರತು ಮೀಟರಿನದಲ್ಲ. ಅವು ನೆಟ್ಟಗಿದ್ದರೆ ಎರಡನೆಯ ಪ್ರಶ್ನೆ: ಎಂಜಿನ್ನಿನ ಬಿಸಿಯನ್ನು ತೋರಿಸುವ ವಿದ್ಯುತ್ ಮೀಟರು ಹೇಗಿದೆ? ಪಟ್ಟಿಯ ಜಾತಿಯ ಮೀಟರುಗಳು ಬ್ಯಾಟರಿಯ ಏರಿಳಿತಕ್ಕೆ ಮೋಸಹೋಗಬಾರದೆಂದು ಅವುಗಳ ಹಿಂದೆ ಸ್ಟೆಬಿಲೈಸರ್ ಎಂಬ ಸಣ್ಣ ಪೆಟ್ಟಿಗೆಯೊಂದನ್ನು ಇಟ್ಟು, ಸ್ಮಿತ್ಸ್ ಕಂಪೆನಿಯ ಏರ್ಪಾಡಿನಲ್ಲಿ ಸರಾಸರಿ 10 ವೋಲ್ಟಿನಷ್ಟೇ ಒದಗುವಂತೆ ಮಾಡಿರುತ್ತಾರೆ. ಎರಡು ಮೀಟರುಗಳೂ ಒಟ್ಟಿಗೆ ಹೆಚ್ಚು ತೋರಿಸಿದರೆ ಅಥವಾ ಒಟ್ಟಿಗೆ ಕಡಿಮೆ ತೋರಿಸಿದರೆ ಆ ಪೆಟ್ಟಿಗೆಯೇ ಅಪರಾಧಿ. ಒಂದು ಮಾತ್ರ ತಪ್ಪಿದರೆ ಪೆಟ್ಟಿಗೆ ನಿರ್ದೋಷಿ. ಕೈಗೆ ಎಣ್ಣೆಯ ಕಲೆ ತಾಗುವುದಕ್ಕೆ ಮೊದಲೇ ಅರ್ಧ ವಿಚಾರಣೆ ಹೀಗೆ ಮುಗಿದಿರುತ್ತದೆ.

ಆಮೇಲೆ ಬರುವುದು ಈ ಕಸುಬಿನ ಮುಖ್ಯ ಪರೀಕ್ಷೆ. ಡಿಕ್ಕಿಯನ್ನು ತೆರೆದು, ಟ್ಯಾಂಕ್ ಯೂನಿಟ್ಟಿಗೆ ಬರುವ ತಂತಿಯನ್ನು, ಲೂಕಾಸ್ ಕ್ರಮದಲ್ಲಿ ಹಸಿರಿನ ಮೇಲೆ ಕರಿಗೆರೆಯುಳ್ಳದ್ದನ್ನು, ಕಳಚಿ ಹಿಡಿದು, ಮುಂದೆ ಕುಳಿತ ಹುಡುಗನಿಗೆ ಮುಳ್ಳನ್ನು ನೋಡುತ್ತಿರುವಂತೆ ಹೇಳಿ, ತಂತಿಯ ತುದಿಯನ್ನು ಒಮ್ಮೆ ಗಾಳಿಯಲ್ಲಿ ಬಿಡುವುದು, ಒಮ್ಮೆ ಪೆಟ್ರೋಲಿನ ಬಾಯಿಂದ ದೂರವಾದ ಜಾಗದಲ್ಲಿ ಗಾಡಿಯ ಬರಿಯ ಲೋಹಕ್ಕೆ ಮುಟ್ಟಿಸುವುದು. ಈ ಎರಡು ಸ್ಥಿತಿಗಳಲ್ಲಿ ಮುಳ್ಳು ಎರಡು ಕೊನೆಗಳಿಗೂ ಹೋಗಿ ಬಂದರೆ, ಮುಂದಿನ ಮೀಟರೂ ನಡುವಣ ತಂತಿಯೂ ಆರೋಗ್ಯವಾಗಿವೆಯೆಂದೂ ದೋಷವು ಟ್ಯಾಂಕಿನ ಕಡೆಗೇ ಇದೆಯೆಂದೂ ಒಂದೇ ಏಟಿಗೆ ನಿರ್ಣಯವಾಗುವುದು. ಮುಳ್ಳು ಕದಲದಿದ್ದರೆ ತಂತಿಯಲ್ಲಾಗಲಿ ಮೀಟರಿನಲ್ಲಾಗಲಿ ಕೊರತೆ. ಆಗ ಹಿಂದಿನಿಂದ ಮುಂದಕ್ಕೆ ಹೊಸ ತಂತಿಯೊಂದನ್ನು ತಾತ್ಕಾಲಿಕವಾಗಿ ಎಳೆದು ನೋಡಿ ಅವೆರಡನ್ನೂ ಬೇರ್ಪಡಿಸಬಹುದು. ಅರ್ಧಕ್ಕೆ ಅರ್ಧವನ್ನು ಸಂದೇಹದಿಂದ ಬಿಡಿಸಿಬಿಡುವ ಈ ಕ್ರಮಕ್ಕೆ ಸಮನಾದ ಯುಕ್ತಿಯನ್ನು ನಾನು ಇನ್ನಾವ ಕಸುಬಿನಲ್ಲಿಯೂ ಕಂಡಿಲ್ಲ.

ಜಾತಿಭೇದದ ಮಾತು ಇಲ್ಲಿ ಬರುತ್ತದೆ. ಹಳೆಯ ಕಾಯಿಲಿನ ಮೀಟರಿನಲ್ಲಿ ತಂತಿಯನ್ನು ಗಾಳಿಯಲ್ಲಿ ಬಿಟ್ಟರೆ ಮುಳ್ಳು ತುಂಬಿದ ಕಡೆಗೂ, ಮೈಗೆ ಮುಟ್ಟಿಸಿದರೆ ಬರಿದಾದ ಕಡೆಗೂ ಹೋಗುವುದು. ಪಟ್ಟಿಯ ಮೀಟರಿನಲ್ಲಿ ಸರಿಯಾಗಿ ಇದಕ್ಕೆ ವಿಪರೀತ, ಬಿಟ್ಟರೆ ಬರಿದು, ಮುಟ್ಟಿಸಿದರೆ ತುಂಬಿದುದು. ಇದನ್ನರಿಯದವನು ಒಳ್ಳೆಯ ಮೀಟರನ್ನು ಕೆಟ್ಟದೆಂದು ಬಿಸಾಡುವನು. ಅಷ್ಟೇ ಅಲ್ಲದೆ ಪಟ್ಟಿಯ ಮೀಟರಿನ ತಂತಿಯನ್ನು ಮೈಗೆ ಮುಟ್ಟಿಸಿ ಹಾಗೆಯೇ ಹಿಡಿದುಕೊಂಡಿದ್ದರೆ ಒಳಗಿನ ಸುತ್ತು ಮಿತಿಮೀರಿ ಕಾದು ಸುಟ್ಟುಹೋಗುವುದುಂಟು. ಆದುದರಿಂದ ಅನುಭವಸ್ಥರು ನಡುವೆ ಒಂದು ಸಣ್ಣ ಬಲ್ಬನ್ನು ಸೇರಿಸಿಯೇ ಮುಟ್ಟಿಸುತ್ತಾರೆ, ಇಲ್ಲವೆ ಕ್ಷಣಮಾತ್ರ ತಾಗಿಸಿ ತೆಗೆಯುತ್ತಾರೆ. ಯಾವ ಜಾತಿಯೆಂಬುದನ್ನು ತಿಳಿಯಲು ಪುಸ್ತಕ ಬೇಕಿಲ್ಲ. ಕೀಲಿಕೈ ತಿರುಗಿಸಿದಾಗ ಮುಳ್ಳು ನೆಗೆಯಿತೋ ತೆವಳಿತೋ ಎಂಬುದೇ ಸಾಕು.

ದೋಷ ಟ್ಯಾಂಕಿನ ಕಡೆಗೆ ಎಂದು ನಿಶ್ಚಯವಾದ ಮೇಲೂ ಅವಸರ ಸಲ್ಲದು, ಅರ್ತ್ ಇನ್ನೂ ಉಳಿದಿದೆ. ಟ್ಯಾಂಕ್ ಯೂನಿಟ್ಟಿನ ಕೆಳಗೆ ಸೋರದಂತೆ ಇಡುವ ಮರಬೆಂಡಿನ ಅಥವಾ ರಬ್ಬರಿನ ಪಟ್ಟಿ ವಿದ್ಯುತ್ತನ್ನು ಹಾಯಗೊಡದು. ಅರ್ತ್ ಮರಳುವುದು ಅದರ ಸ್ಕ್ರೂಗಳ ಮೂಲಕ, ಟ್ಯಾಂಕಿನ ತಗಡಿನ ಮೂಲಕ, ಟ್ಯಾಂಕನ್ನು ಗಾಡಿಗೆ ಬಿಗಿದ ಪಟ್ಟಿಗಳ ಮೂಲಕ. ಯಜಮಾನನು ಅಕ್ಕರೆಯಿಂದ ಟ್ಯಾಂಕಿಗೆ ಹೊಸ ಬಣ್ಣ ಬಳಿಸಿ, ಪಟ್ಟಿಗಳ ಕೆಳಗೆ ರಬ್ಬರಿಟ್ಟು ಬಿಗಿಸಿದನೆಂದರೆ ಈ ದಾರಿ ಮುಚ್ಚಿಹೋಗುವುದು. ಕಾಯಿಲಿನ ಮೀಟರಿದ್ದರೆ ಮುಳ್ಳು ಆಮೇಲೆ ಸದಾ ತುಂಬಿದೆಯೆಂದೇ ಹೇಳುವುದು. ಎಲ್ಲ ಸುಳ್ಳುಗಳಲ್ಲಿ ಇದೇ ಅಪಾಯಕರವಾದುದು, ಏಕೆಂದರೆ ಬರಿದೆಂದು ಹೇಳುವ ಮೀಟರು ಪೆಟ್ರೋಲು ಹಾಕಿಸುವುದು, ತುಂಬಿದೆಯೆಂದು ಹೇಳುವ ಮೀಟರು ನಡುರಾತ್ರಿ ನಿಲ್ಲಿಸುವುದು. ಪರಿಹಾರವು ಅತ್ಯಲ್ಪ: ಯೂನಿಟ್ಟಿನ ಚೌಕಟ್ಟಿನಿಂದ ಗಾಡಿಯ ಮೈಗೆ ಗೇಣುದ್ದದ ತಂತಿಯೊಂದನ್ನು ಸೇರಿಸಿದೊಡನೆ ಮುಳ್ಳು ಸತ್ಯಕ್ಕೆ ಮರಳುವುದು. ಮಳೆನಾಡಿನ ಗಾಡಿಗಳಲ್ಲಿ ಬಣ್ಣದ ಕೆಲಸವನ್ನು ತುಕ್ಕೇ ಮಾಡಿರುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಬ್ಯಾಟರಿಯ ತಂತಿಯನ್ನು ಕಳಚಿ, ಟ್ಯಾಂಕಿನ ಪೆಟ್ರೋಲನ್ನು ಇಳಿಸಿ, ಯೂನಿಟ್ಟನ್ನು ಹೊರತೆಗೆಯಬೇಕು. ಇಲ್ಲಿ ಕಣ್ಣಿಗಿಂತ ಕಿವಿಗೆ ಮೊದಲ ಮರ್ಯಾದೆ: ಪೊಳ್ಳು ಹಿತ್ತಾಳೆಯ ಬೆಂಡನ್ನು ಕಿವಿಯ ಬಳಿ ಅಲುಗಾಡಿಸಿದಾಗ ಒಳಗೆ ಪೆಟ್ರೋಲು ಕುಲುಕಿದರೆ ಅದು ತೂತಾಗಿ ಮುಳುಗಿದೆಯೆಂದೇ ಅರ್ಥ. ಬಿಸಿನೀರಿನಲ್ಲಿ ಅದ್ದಿದರೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆಯೆದ್ದು ತೂತಿನ ಜಾಗ ಗೊತ್ತಾಗುವುದು. ಒಳಗಿನ ಪೆಟ್ರೋಲು ಪೂರ್ತಿ ಹೋಗಿದೆಯೆಂದು ಖಚಿತವಾಗುವವರೆಗೆ ಕಾದ ಬೆಸುಗೆಯನ್ನು ಅದರ ಸಮೀಪಕ್ಕೂ ತರಬಾರದೆಂಬುದು ಶಿಷ್ಯನಿಗೆ ಗುರು ಹೇಳಿಕೊಡುವ ಮೊದಲ ಪಾಠ. ಬೆಸುಗೆ ಹೆಚ್ಚಾದರೆ ಬೆಂಡಿನ ತೂಕ ಹೆಚ್ಚಿ ಅದು ಕೆಳಮಟ್ಟದಲ್ಲಿ ತೇಲುವುದರಿಂದ, ಹನಿಯಷ್ಟನ್ನೇ ಇಟ್ಟು ಉಜ್ಜಿ ನಯಮಾಡುವುದು ಕೈಚಳಕ. ಬೆಂಡು ನೆಟ್ಟಗಿದ್ದರೆ ತಂತಿಯ ಸುತ್ತನ್ನು ನೋಡಬೇಕು. ನಾಲಗೆ ವರ್ಷಾನುಗಟ್ಟಲೆ ಜಾರಿದ ಜಾಗದಲ್ಲಿ ತಂತಿ ಸವೆದು ಹರಿದಿರುವುದು. ಸವೆತ ಎಲ್ಲಿದೆಯೋ ಮುಳ್ಳು ಅಲ್ಲಿಗೆ ಬಂದಾಗ ಹಠಾತ್ತಾಗಿ ಬಿದ್ದು ಏಳುವುದು. 1973ರ ಬಳಿಕ ಪೆಟ್ರೋಲಿನ ಬೆಲೆ ಏರಿ, ಜನರು ಟ್ಯಾಂಕು ತುಂಬಿಸುವುದನ್ನು ಬಿಟ್ಟು ಐದೈದು ಲೀಟರು ಹಾಕಿಸಿ ಓಡಿಸುವುದು ರೂಢಿಯಾದ ಗಾಡಿಗಳಲ್ಲಿ ನಾಲಗೆಯ ಓಡಾಟವೆಲ್ಲ ಸುತ್ತಿನ ಕೆಳತುದಿಯಲ್ಲಿಯೇ ನಡೆದು, ಆ ತುದಿ ಮಾತ್ರ ಸವೆದು, ಉಳಿದುದು ಹೊಸದರಂತಿರುವುದು. ಕೊಳೆಯಷ್ಟೇ ಕೂತಿದ್ದರೆ ಅತಿ ನಯವಾದ ಉಜ್ಜುಕಾಗದ ಸಾಕು. ಹರಿದಿದ್ದರೆ ಹಳೆಯ ಯೂನಿಟ್ಟೊಂದರಿಂದ ತಂತಿ ಬಿಚ್ಚಿ, ಎಣಿಸಿ, ಮತ್ತೆ ಸುತ್ತಬೇಕು. ಹೊಸ ಯೂನಿಟ್ಟು ಅಂಗಡಿಯಲ್ಲಿ ದೊರೆಯದ ಕಾಲದಲ್ಲಿ ಕೂದಲಿನಷ್ಟು ಸಣ್ಣ ಆ ತಂತಿಯನ್ನು ಬರಿಗಣ್ಣಿನಿಂದ ಸುತ್ತಿ ಸರಿಯಾಗಿ ಅಳೆಯುವಂತೆ ಮಾಡಿದವರನ್ನು ನಾವು ಕುಶಲಕರ್ಮಿಗಳೆಂದು ಗೌರವಿಸಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಕೆಲವು ವಾಹನಗಳು ಈ ತೊಡಕನ್ನೆಲ್ಲ ಹೊರಗಿಟ್ಟೇ ಬಾಳಿದುವು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿಯೇ 1960ರ ದಶಕ ಹುಟ್ಟುವವರೆಗೆ ಮೀಟರಿರಲಿಲ್ಲ, ರಿಸರ್ವಿನ ತಿರುಗಣಿಯಷ್ಟೇ ಇದ್ದಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದ ಆದಿಯಿಂದ ಹೊರಬಂದ ಮೋಟಾರ್‌ಸೈಕಲ್ಲುಗಳೂ ಅದೇ ಪಂಥದವು: ಗಾಡಿ ಕೆಮ್ಮಿ ನಿಂತಾಗ ಕೆಳಗೆ ಕೈಹಾಕಿ ಗುಬುಟು ತಿರುಗಿಸಿ, ‘ರಿಸರ್ವ್‌ಗೆ ಬಿತ್ತು’ ಎಂದು ತಿಳಿದುಕೊಳ್ಳುವುದು. ಗಾಡಿಯೇ ನಿಂತು ಹೇಳುವ ಈ ಸೂಚನೆಯಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ.

ಇನ್ನೊಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. 1956ರ ಕಾಯಿದೆಯಿಂದ ದಶಮಾಂಶ ಅಳತೆಗಳು ಬಂದು, ಗ್ಯಾಲನ್ನು ಅಳಿದು ಲೀಟರು ನೆಲಸಿದಾಗ, ಕಡ್ಡಿಗಳ ಮೇಲಿನ ಗೀಟುಗಳೆಲ್ಲ ಹಳತಾದುವು. ಒಂದು ಗ್ಯಾಲನ್ನು ನಾಲ್ಕೂವರೆ ಲೀಟರಿಗೆ ಕೊಂಚ ಹೆಚ್ಚಾದುದರಿಂದ ಹೊಸದಾಗಿ ಕೊರೆಯಬೇಕಾಯಿತು. ಮೀಟರಿನ ಫಲಕಕ್ಕೆ ಮಾತ್ರ ಏನೂ ಆಗಲಿಲ್ಲ. ಅದು ಬರಿದು, ಕಾಲು, ಅರ್ಧ, ಮುಕ್ಕಾಲು, ತುಂಬಿದುದು ಎಂಬ ಭಾಗಗಳನ್ನಷ್ಟೇ ಹೇಳುವುದಾದುದರಿಂದ ಯಾವ ಸರ್ಕಾರದ ಅಳತೆಯೂ ಅದನ್ನು ತಟ್ಟದು. ಆದರೆ ಆ ಅರ್ಧವು ನಿಜವಾದ ಅರ್ಧವೆಂದು ತಿಳಿಯಬಾರದು: ಟ್ಯಾಂಕಿನ ಮೂಲೆಗಳು ದುಂಡಾಗಿ ತಳ ಕಿರಿದಾಗಿರುವಲ್ಲಿ ಬೆಂಡಿನ ಅರ್ಧ ಎತ್ತರಕ್ಕೂ ಪೆಟ್ರೋಲಿನ ಅರ್ಧ ಮೊತ್ತಕ್ಕೂ ಹೊಂದಿಕೆಯಿಲ್ಲ, ಹಳ್ಳಿಯ ದಾರಿಯ ಕಲ್ಲು ತಗಲಿ ತಳ ಜಜ್ಜಿಹೋಗಿದ್ದರೆ ಇನ್ನೂ ಇಲ್ಲ.

ಈ ಶತಮಾನದ ಮೊದಲಿನಿಂದ ಪೆಟ್ರೋಲನ್ನು ಎಂಜಿನ್ನಿಗೆ ಚಿಮ್ಮಿಸುವ ಗಾಡಿಗಳು ಸಾಮಾನ್ಯವಾಗಿ, ಪಂಪೂ ಬೆಂಡೂ ಸುತ್ತೂ ಸೇರಿದ ಒಂದೇ ಗಡ್ಡೆಯು ಟ್ಯಾಂಕಿನೊಳಗೆ ಕುಳಿತಿದೆ; ಬೆಂಡು ಕೆಟ್ಟರೂ ಗಡ್ಡೆಯನ್ನೇ ಬದಲಿಸುವುದು ರೂಢಿ. ವೇಗವೂ ಭದ್ರತೆಯೂ ಅದರಿಂದ ಹೆಚ್ಚಿವೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಳೆಯ ಗಾಡಿಗಳನ್ನು ಪ್ರೀತಿಯಿಂದ ಸಾಕುವವರು ಇನ್ನೂ ಉಂಟು, ಅವರಿಗೆ ಹೊಸ ಕಷ್ಟವೊಂದು ಬಂದಿದೆ: ಈಚೆಗೆ ಪೆಟ್ರೋಲಿನೊಡನೆ ಶೇಕಡಾ 20ರವರೆಗೆ ಬೆರೆಸುವ ಎಥನಾಲು ಹಳೆಯ ಮರಬೆಂಡಿನ ಮೇಲೆ ಬಳಿದ ಅರಗಿನ ಲೇಪವನ್ನು ಕರಗಿಸುವುದು, ಗಾಳಿಯ ತೇವವನ್ನು ಹೀರಿ ಟ್ಯಾಂಕಿನ ತಳದಲ್ಲಿ ನೀರಿಳಿಸಿ ತುಕ್ಕಿಗೆ ದಾರಿಮಾಡುವುದು. ಲೇಪ ಹೋದ ಬೆಂಡು ಪೆಟ್ರೋಲು ಕುಡಿದು ಮುಳುಗುವುದು. ಅಂತಹ ಗಾಡಿಗೆ ಹಿತ್ತಾಳೆಯ ಅಥವಾ ಪೆಟ್ರೋಲಿಗೆ ಕರಗದ ಹೊಸ ಪದಾರ್ಥದ ಬೆಂಡನ್ನು ಕೂಡಿಸಬೇಕು. ಕೂಡಿಸಿದವನು ಅಳತೆಯನ್ನೂ ಹೊಸದಾಗಿ ಹೊಂದಿಸಬೇಕು.

ಹೊಂದಿಸುವ ಕ್ರಮ ಈಗಲೂ ಹಳೆಯದೇ. ಬರಿದಾದ ಟ್ಯಾಂಕಿಗೆ ಅಳೆದ ಡಬ್ಬಿಯಿಂದ ಐದೈದು ಲೀಟರು ಸುರಿಯುತ್ತ, ಪ್ರತಿ ಸಲವೂ ಕಡ್ಡಿಯನ್ನಿಳಿಸಿ ಗೀಟು ಹಾಕುತ್ತ, ಮುಳ್ಳು ನಿಂತ ಜಾಗವನ್ನು ಗುರುತಿಸಿಕೊಳ್ಳುತ್ತ ಹೋಗುವುದು. ಅಂಬಾಸಿಡರಿನ 54 ಲೀಟರಿಗೆ ಹನ್ನೊಂದು ಸಲ. ತಪ್ಪು ಕಂಡರೆ ಯೂನಿಟ್ಟನ್ನು ಮತ್ತೆ ತೆಗೆದು ಬೆಂಡಿನ ತೋಳನ್ನು ಕೊಂಚ ಬಾಗಿಸುವುದು, ಮತ್ತೆ ಸುರಿಯುವುದು. ತುಂಬಿದ ತುದಿಯಲ್ಲಿ ಮುಳ್ಳು ಒಂದು ಕೂದಲು ಆಚೀಚೆಯಾದರೂ ಯಾರೂ ಚಿಂತಿಸುವುದಿಲ್ಲ. ಬರಿದಾದ ತುದಿಯ ಕಡೆಗೇ ಕಸುಬುದಾರರ ಗಮನವೆಲ್ಲ. ಮುಳ್ಳು ಕೊನೆಯ ಗೆರೆಯನ್ನು ಮುಟ್ಟಿದಾಗಲೂ ಟ್ಯಾಂಕಿನಲ್ಲಿ ಹತ್ತಿರದ ಬಂಕಿನವರೆಗೆ ಓಡುವಷ್ಟು ಪೆಟ್ರೋಲು ಉಳಿದಿರುವಂತೆ ತೋಳನ್ನು ಬಾಗಿಸಿಟ್ಟು, ಎಷ್ಟು ಉಳಿದಿರುವುದೆಂಬುದನ್ನು ಗೀಟು ಹಾಕಿದ ಆ ಕಡ್ಡಿಯೊಡನೆ ಯಜಮಾನನಿಗೆ ಒಪ್ಪಿಸಿ, ಗಾಡಿಯಲ್ಲಿಯೇ ಇಟ್ಟುಕೊಳ್ಳುವಂತೆ ಹೇಳಿ ಕಳುಹಿಸುತ್ತಾರೆ.